ಲೋಹದ ಕ್ಲಾರಿನೆಟ್‌ನ ತವರುಮನೆ ಹುಡುಕಿದ್ದು

ಅಂಗಡಿಯ ಹೆಸರು ಕೆತ್ತಿದ ಲೋಹದ ಕ್ಲಾರಿನೆಟ್‌ನ ಮೂಲ, ಅಂದರೆ ಅದನ್ನ ನಿಜವಾಗಿ ಮಾಡಿದ ಕಾರ್ಖಾನೆ ಯಾವುದು ಅಂತ, ಪತ್ತೆ ಮಾಡೋಕಾಗಲ್ಲ ಅಂತ ವಾದ್ಯ ರಿಪೇರಿ ಮಾಡೋ ಗೆಳೆಯರೆಲ್ಲ ಹೇಳಿದ್ದರು. ಆಯ್ತು ನೋಡಿ. ಒಂದೂವರೆ ವರ್ಷ ಹಿಡಿಯಿತು, ಅಷ್ಟೇ.

ನಾನಿರುವುದು ಅಮೆರಿಕದ ಓಹಾಯೋದಲ್ಲಿ. ಯಾರದೋ ಮನೆಯ ಹಳೇ ಸಾಮಾನು ಮಾರಾಟದಲ್ಲಿ ಇದು 30 ಡಾಲರಿಗೆ ಸಿಕ್ಕಿತು. ಮಾರಿದವರು ಅಪ್ಪಟ ಬೆಳ್ಳಿ ಅಂದರು. ಕೀಗಳನ್ನ ಹಿಡಿದಿಡೋ ಪುಟ್ಟ ಕಂಬ, ಅಂದರೆ ಪೋಸ್ಟ್, ಅದರ ಬುಡದಲ್ಲಿ ಹಿತ್ತಾಳೆಯ ಹಳದಿ ಇಣುಕುತ್ತಿತ್ತು, ನಾನು ಸುಮ್ನೆ ತಲೆಯಾಡಿಸಿ ದುಡ್ಡು ಕೊಟ್ಟೆ. 1920-30ರ ದಶಕದಲ್ಲಿ ಸ್ಕೂಲ್ ಬ್ಯಾಂಡ್‌ಗಳಿಗೆ ಅಂತ ಇವು ರಾಶಿ ರಾಶಿ ತಯಾರಾದವು. ಮಾಡಿದವರು ಬಾಸ್ಟನ್‌ನ ಕಂಡಿ-ಬೆಟೊನಿ, ಎಲ್ಕ್‌ಹಾರ್ಟ್‌ನ ಪೆಡ್ಲರ್ ಮತ್ತು ಕಾನ್, ಕ್ಲೀವ್‌ಲ್ಯಾಂಡ್‌ನ ಎಚ್.ಎನ್. ವೈಟ್ ಥರದವರು. ಎಷ್ಟೋ ಸಲ ಬೆಲ್ (ತುದಿಯ ಅಗಲ ಬಾಯಿ) ಮೇಲೆ ಹೆಸರು ಮಾತ್ರ ಮಾರೋ ಅಂಗಡಿಯದ್ದು. 

ಮೊದಲ ಎಡವಟ್ಟು ನನ್ನದೇ. ಬೆಳ್ಳಿಯ ಕಪ್ಪು ತೆಗೆಯೋಕೆ ಅಲ್ಯೂಮಿನಿಯಂ ಫಾಯಿಲ್, ಅಡುಗೆ ಸೋಡಾ, ಬಿಸಿನೀರು, ಅಲ್ಲಿಗೆ ನಿಲ್ಲಿಸಬೇಕಿತ್ತು. ಹೊಳಪು ಸಾಲದು ಅಂತ ಮೋಟಾರ್ ಬಫ್‌ಗೆ, ಅಂದರೆ ತಿರುಗೋ ಪಾಲಿಶ್ ಚಕ್ರಕ್ಕೆ, ಹಿಡಿದೆ. ಹಿಂಬದಿಯಲ್ಲಿ ಮಸುಕಾಗಿದ್ದ ಸೀರಿಯಲ್ ನಂಬರು ಹತ್ತು ಸೆಕೆಂಡಲ್ಲಿ ಮಾಯ. ಉಳಿದಿದ್ದು ಒಂದು 4, ಪಕ್ಕದಲ್ಲಿ 7, ಇಲ್ಲಾ 1.

ಆಮೇಲೆ ಶ್ರುತಿ ಕೈಕೊಟ್ಟಿತು. ಮೇಲಕ್ಕೆ ಏರಿತ್ತು, ಹೈ ಪಿಚ್ (ಈಗಿನದಕ್ಕಿಂತ ಎತ್ತರದ ಹಳೇ ಶ್ರುತಿ) ಇರಬೇಕು, ಹಾಗಾದರೆ 1920ಕ್ಕೂ ಹಿಂದಿನದು ಅಂತ ಖುಷಿಯಲ್ಲಿ ಎರಡು ತಿಂಗಳು ಹಳೇ ಕ್ಯಾಟಲಾಗ್ ತಿರುವಿಹಾಕಿದೆ. ಪೂರ್ತಿ ದಂಡ. ಒಂದು ರಾತ್ರಿ ಟ್ಯೂನರ್ ಇಟ್ಟು ಒಂದೊಂದೇ ಸ್ವರ ಊದಿದಾಗ ತಿಳಿಯಿತು, ಮಧ್ಯದ ಗಂಟಲ ಸ್ವರಗಳು ಜಾಸ್ತಿ ಏರಿವೆ, ತಳದ ಸ್ವರ ಸ್ವಲ್ಪವೇ ಏರಿದೆ. ಹೈ ಪಿಚ್ ಆಗಿದ್ದರೆ ಎಲ್ಲಾ ಹೆಚ್ಚುಕಡಿಮೆ ಒಂದೇ ಸಮ ಏರಬೇಕಲ್ವಾ? ಯಾರೋ ಪುಣ್ಯಾತ್ಮರು ಮೌತ್‌ಪೀಸ್ ಕೆಳಗಿನ ಕೊಳವೆ ತುಂಡು, ಅಂದರೆ ಬ್ಯಾರಲ್, ಗಿಡ್ಡದ್ದು ಸಿಕ್ಕಿಸಿದ್ದರು.

ಇದರ ಮಧ್ಯೆ ಲೋಹದ ನಾದ ಬೇರೆ, ಮರದ ನಾದ ಬೇರೆ ಅನ್ನೋ ಜಗಳಕ್ಕೂ ಕೈ ಹಾಕಿದೆ. ಒಂದೇ ಮೌತ್‌ಪೀಸ್, ಒಂದೇ ರೀಡ್, ಬಾಗಿಲ ಹಿಂದೆ ನಿಂತು ಎರಡನ್ನೂ ಊದಿದೆ, ಹೆಂಡತಿ ಹೊರಗೆ. ಹತ್ತರಲ್ಲಿ ಆರು ಸಲ ಸರಿ ಹೇಳಿದಳು. ಕೊನೆಗೆ "ರೀ, ಎರಡೂ ಒಂದೇ ಥರ ಕಿರುಚುತ್ತೆ" ಅಂದಳು. ಪ್ರಯೋಗ ಅಲ್ಲಿಗೇ ಮುಗಿಯಿತು.

ಕೆಲಸ ಮಾಡಿದ ಉಪಾಯ ಇದು. ಬೆಲ್ ಮೇಲೆ ಬೇರೆ ಹೆಸರು ಕೆತ್ತೋಕೆ ಎಷ್ಟು ಹೊತ್ತು? ಆದರೆ ಪೋಸ್ಟ್ ಕೂರಿಸಿ ಬೆಸುಗೆ ಹಾಕೋ ಅಚ್ಚು ಬದಲಿಸೋಕೆ ಕಾರ್ಖಾನೆಯವರು ದುಡ್ಡು ಸುರಿಯಬೇಕು. ಅಂಗಡಿಗೊಂದು ಅಚ್ಚು ಯಾರು ಮಾಡ್ತಾರೆ? ಹಾಗಾಗಿ ತಯಾರಕರ ಹೆಸರೇ ಇರುವ ಗುಜರಿ ಕ್ಲಾರಿನೆಟ್ ಮೂರು ಕೊಂಡೆ. ಬೆಟೊನಿ 45, ಪೆಡ್ಲರ್ 25, ಕಾನ್ ಸುಮಾರು 60 ಡಾಲರ್. ಕೀಗಳನ್ನೆಲ್ಲ ಬಿಚ್ಚಿ ಸ್ಕ್ಯಾನರ್ ಗಾಜಿನ ಮೇಲೆ ಬೋರಲು ಹಾಕಿ, ಪಕ್ಕದಲ್ಲಿ ಸ್ಟೀಲ್ ಸ್ಕೇಲು, ಮೇಲೆ ಕಪ್ಪು ಬಟ್ಟೆ. ಫೋಟೋ ಬೇಡ, ಅಳತೆ ಓರೆಯಾಗುತ್ತೆ, ಒಂದು ತಿಂಗಳು ಅದರಲ್ಲೇ ಮೋಸ ಹೋಗಿದ್ದೆ.

ಆಮೇಲೆ ಕ್ಯಾಲಿಪರ್ ಹಿಡಿದು ಪೋಸ್ಟಿಂದ ಪೋಸ್ಟಿಗೆ ಅಳೆದೆ. ಪೆಡ್ಲರ್ ಜೊತೆ ಎರಡು-ಮೂರು ಮಿಲಿಮೀಟರ್ ವ್ಯತ್ಯಾಸ, ಕಾನ್ ಇನ್ನೂ ದೂರ. ಬೆಟೊನಿ ಇಟ್ಟಾಗ 17 ಜಾಗದಲ್ಲಿ 15 ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಹೊಂದದ ಎರಡು ಪಕ್ಕದ ಕೀಗಳವು. ಅವುಗಳ ಸ್ಕ್ರೂ ಸುತ್ತುಗಳೇ ಬೇರೆ, ಬೆಸುಗೆ ಒರಟು, ಯಾವಾಗಲೋ ರಿಪೇರಿ ಆಗಿದೆ. ಅಂದರೆ ನನ್ನದು ಬೆಟೊನಿಯವರದ್ದೇ. ಆ 17 ಯಾವ್ಯಾವು ಅಂತ ಹೇಳಲ್ಲ, ಹಿಂಬದಿಯಲ್ಲಿ ಎಡ ಹೆಬ್ಬೆರಳು ಒತ್ತುವ ರಿಜಿಸ್ಟರ್ ಕೀಯಿಂದ ಶುರುಮಾಡಿ ಅಂತ ಮಾತ್ರ ಹೇಳುತ್ತೇನೆ.

ಪ್ಯಾಡ್, ಕಾರ್ಕ್ ಸೇರಿ ಒಟ್ಟು 200 ಡಾಲರ್ ಹತ್ತಿರ ಹೋಯಿತು. ಮಾರಿದರೆ 70 ಬಂದರೆ ಹೆಚ್ಚು.

ಆಗಲ್ಲ ಅಂದಿದ್ದವರಲ್ಲಿ ಒಬ್ಬರು ಹೋದ ತಿಂಗಳು ತಮ್ಮದೊಂದನ್ನ ಡಬ್ಬಕ್ಕೆ ಹಾಕಿ ನನಗೆ ಕಳಿಸಿದ್ದಾರೆ. ಫಳಫಳ ಅಂತ ಬಫ್ ಮಾಡಿಸಿ, ನಂಬರು ಪೂರ್ತಿ ಅಳಿಸಿ.