ಫ್ಯಾಮಿಲಿ ಫೋಟೋ: ಅಮ್ಮನ ಇಳಕಲ್ ಸೀರೆಯಿಂದ ಶುರು

ತೋಟದಲ್ಲಿ ಫ್ಯಾಮಿಲಿ ಫೋಟೋ ತೆಗೆಸಬೇಕಿತ್ತು. ಎಲ್ಲರಿಗೂ ಒಂದೇ ಬಣ್ಣ ಅಂದರೆ ಯಾರೂ ಒಪ್ಪಲಿಲ್ಲ. ಒಬ್ಬೊಬ್ಬರ ಮೈಬಣ್ಣ, ಮೈಕಟ್ಟು ಬೇರೆ ಅಲ್ವಾ!

ಕೊನೆಗೆ ಅಮ್ಮನ ಇಳಕಲ್ ಸೀರೆಯನ್ನು ಮೊದಲು ಆರಿಸಿದೆವು. ಕಡುನೀಲಿ ಒಡಲು, ಕೆಂಪು-ಬಿಳಿ ತೆನೆಯ ಸೆರಗು. ಉಳಿದವರ ಬಣ್ಣ ಅದರಿಂದಲೇ ಸಿಕ್ಕಿತು: ಅಪ್ಪನಿಗೆ ಕೆನೆಬಣ್ಣದ ಜುಬ್ಬಾ, ಅಣ್ಣನಿಗೆ ನೀಲಿ ಶರ್ಟ್, ನನಗೆ ಕೆಂಪು ಕುರ್ತಾ. ಸಣ್ಣ ಗೆರೆಯ ಶರ್ಟ್ ಬೇಡವೆಂದೆ. ಡಿಜಿಟಲ್ ಫೋಟೋದಲ್ಲಿ ಅಂಥ ಗೆರೆಗಳು ಅಲೆಅಲೆಯಾಗಿ ಕಾಣಬಹುದು. ಹಸಿರನ್ನೂ ಬಿಟ್ಟೆವು, ಗಿಡಗಳ ನಡುವೆ ಕರಗಿಹೋಗುತ್ತದೆ.

ಅತ್ತಿಗೆಗೆ ತೋಳು ದಪ್ಪ ಕಾಣುವ ಚಿಂತೆ ಇತ್ತು. ಮುಕ್ಕಾಲು ತೋಳಿನ ರವಿಕೆ ಹಾಕಿ ಸ್ವಲ್ಪ ಓರೆಯಾಗಿ ನಿಂತರು, ತುಂಬಾ ಚೆನ್ನಾಗಿ ಬಂತು.

ಹಿಂದಿನ ದಿನವೇ ಎಲ್ಲರೂ ಉಟ್ಟು, ಹೊರಗಿನ ಬೆಳಕಲ್ಲಿ ಮೊಬೈಲ್‌ನಲ್ಲಿ ಒಂದು ಫೋಟೋ ತೆಗೆದು ನೋಡಿ. ಇಣುಕುವ ಲಂಗ, ಬಿಗಿಯಾದ ಗುಂಡಿ ಎಲ್ಲ ಅಲ್ಲೇ ಗೊತ್ತಾಗುತ್ತದೆ.