252 ಅಡಿಕೆ ಮರ, ಸಾಲು ಎಷ್ಟು?

ಶಿರಸಿಯಲ್ಲಿ ಸಂಜೆ ಹೊತ್ತು ಹತ್ತನೇ ತರಗತಿ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ವರ್ಗ ಸಮೀಕರಣ ಬಂದ ಕೂಡಲೇ ಮಕ್ಕಳು ಸೂತ್ರ ಕೇಳುತ್ತಾರೆ. ಕೊಡುತ್ತೇನೆ, ಆದರೆ ತಡವಾಗಿ. ಮೊದಲು ಅಪವರ್ತನ, ಅಂದರೆ ಸಮೀಕರಣವನ್ನು ಎರಡು ಆವರಣಗಳ ಗುಣಲಬ್ಧವಾಗಿ ಒಡೆಯುವುದು.

ಇಲ್ಲಿನ ಮಕ್ಕಳಿಗೆ ತೋಟದ ಲೆಕ್ಕ ಬೇಗ ತಲೆಗೆ ಹೋಗುತ್ತದೆ. ತೋಟದಲ್ಲಿ 252 ಅಡಿಕೆ ಮರ. ಎಷ್ಟು ಸಾಲು ಇದೆಯೋ ಅದಕ್ಕಿಂತ 4 ಜಾಸ್ತಿ ಮರ ಪ್ರತಿ ಸಾಲಿನಲ್ಲಿದೆ. ಸಾಲಿಗೆ ‘ಸ’ ಅಂತ ಇಟ್ಟರೆ ಸ(ಸ + 4) = 252. ಇದನ್ನು ಹೀಗೇ ಬಿಟ್ಟರೆ ಮುಂದೆ ಹೋಗಲಾಗದು. ಗುಣಿಸಿ 252 ಬರುವ ಜೋಡಿ ಎಷ್ಟೋ ಇವೆ. ಗುಣಿಸಿ 0 ಬಂದರೆ ಮಾತ್ರ ಎರಡರಲ್ಲಿ ಒಂದು 0 ಆಗಲೇಬೇಕು. ಅದಕ್ಕೇ ಎಲ್ಲವನ್ನೂ ಎಡಕ್ಕೆ ತರಿಸುತ್ತೇನೆ:

ಸ² + 4ಸ − 252 = 0

ಈಗ ಗುಣಿಸಿದರೆ −252, ಕೂಡಿಸಿದರೆ 4 ಬರುವ ಜೋಡಿ ಬೇಕು. ಮಕ್ಕಳು ಸುಮ್ನೆ ಊಹೆ ಮಾಡುತ್ತಾ ಕೂರುತ್ತಾರೆ. ನಾನು ಮೊದಲು ಚಿಹ್ನೆ ನೋಡಿಸುತ್ತೇನೆ. ಗುಣಲಬ್ಧ ಋಣ, ಅಂದರೆ ಒಂದು ಧನ, ಇನ್ನೊಂದು ಋಣ. ಹಾಗಾಗಿ ಹುಡುಕಬೇಕಾದ್ದು 4 ವ್ಯತ್ಯಾಸ ಇರುವ ಜೋಡಿ. ವ್ಯತ್ಯಾಸ ಇಷ್ಟು ಕಡಿಮೆ ಇದ್ದರೆ ಎರಡೂ 252ರ ವರ್ಗಮೂಲದ ಆಚೀಚೆಯೇ ಇರಬೇಕು ಅಲ್ವಾ? 16ರ ವರ್ಗ 256. ಹಾಗಿದ್ದಮೇಲೆ 1, 2, 3 ಅಂತ ಕೆಳಗಿನಿಂದ ಹತ್ತುವುದೇಕೆ? 15ರಿಂದ ನಿಶ್ಶೇಷವಾಗಿ ಭಾಗ ಹೋಗುವುದಿಲ್ಲ. 14ರಿಂದ ಹೋಗುತ್ತದೆ: 14 × 18.

ಸ² + 18ಸ − 14ಸ − 252 = 0
ಸ(ಸ + 18) − 14(ಸ + 18) = 0
(ಸ − 14)(ಸ + 18) = 0

ಸ = 14 ಅಥವಾ −18. ‘ಋಣ ಸಾಲಿನ ಮರ ಹತ್ತುವ ಕೊನೆಗೌಡ ಸಿಕ್ಕಿದರೆ ಹೇಳಿ’ ಅಂದರೆ ಎಲ್ಲರೂ ನಗುತ್ತಾರೆ. 14 ಸಾಲು, ಸಾಲಿಗೆ 18 ಮರ. ಆದರೆ ತೋಟದ ಕಥೆ ಇಲ್ಲದೆ ಬರೀ ಸಮೀಕರಣ ಕೊಟ್ಟಾಗ −18 ಕೂಡ ಉತ್ತರವೇ. ಬಿಟ್ಟರೆ ಅಂಕ ಹೋಗುತ್ತದೆ.

ಸ² ಮುಂದೆ ಬೇರೆ ಸಂಖ್ಯೆ ಇದ್ದರೆ, ಉದಾಹರಣೆಗೆ 6ಸ² − 7ಸ − 20 = 0, ಮೊದಲ ಮತ್ತು ಕೊನೆಯ ಸಂಖ್ಯೆ ಗುಣಿಸಿ −120 ಮಾಡಿಕೊಳ್ಳಬೇಕು. ಜೋಡಿ 8 ಮತ್ತು −15. ಇಲ್ಲಿ ಮಕ್ಕಳು ಎಡವುವುದು ಜೋಡಿಯಲ್ಲಲ್ಲ, −15ಸ − 20 ಬರುವ ಕಡೆ. −5 ಹೊರಗೆ ತೆಗೆದರೆ ಒಳಗೆ ಉಳಿಯುವುದು 3ಸ + 4. ಅಲ್ಲಿ 3ಸ − 4 ಬರೆದುಬಿಡುತ್ತಾರೆ. ಎರಡು ಆವರಣ ಹೊಂದದಿದ್ದರೆ ಮೊದಲು ಚಿಹ್ನೆಯನ್ನೇ ಅನುಮಾನಿಸಿ ಅನ್ನುತ್ತೇನೆ. ಸರಿ ಮಾಡಿದರೆ (2ಸ − 5)(3ಸ + 4) = 0. ಉತ್ತರ 5/2 ಮತ್ತು −4/3.

ಜೋಡಿ ಸಿಗದೇ ಇದ್ದರೆ? 252ರ ಬದಲು 250 ಹಾಕಿ ನೋಡಿ. ಶೋಧಕ, ಅಂದರೆ ಮಧ್ಯದ ಸಂಖ್ಯೆಯ ವರ್ಗದಿಂದ ಮೊದಲ ಮತ್ತು ಕೊನೆಯ ಸಂಖ್ಯೆಗಳ ಗುಣಲಬ್ಧದ ನಾಲ್ಕರಷ್ಟನ್ನು ಕಳೆದರೆ ಬರುವುದು (b² − 4ac), ಇಲ್ಲಿ 16 + 1000 = 1016. ಅದು ಪೂರ್ಣವರ್ಗ ಅಲ್ಲ, ಆದ್ದರಿಂದ ಪೂರ್ಣಾಂಕದ ಜೋಡಿ ಇಲ್ಲವೇ ಇಲ್ಲ. 252ಕ್ಕೆ ಅದೇ ಶೋಧಕ 1024, ಅಂದರೆ 32ರ ವರ್ಗ.

‘ಸರ್, ಶೋಧಕ ಕಂಡುಹಿಡಿದ ಮೇಲೆ ಸೂತ್ರದ ಕೆಲಸ ಮುಕ್ಕಾಲು ಮುಗೀತಲ್ಲ?’ ಅಂತ ಒಬ್ಬಳು ಕೇಳಿದಳು. ನಿಜವೇ. ಅದಕ್ಕೇ ಮೊದಲೇ ಶೋಧಕ ಹಾಕಿಸುವುದಿಲ್ಲ. ನಾಲ್ಕೈದು ಜೋಡಿ ನೋಡಿ, ಸಿಗದಿದ್ದರೆ ಮಾತ್ರ ಆ ಕಡೆ ತಿರುಗಿ ಅನ್ನುತ್ತೇನೆ.