ಬ್ಯಾನಿ ಸುರು ಆದ್ರ ಮೊಬೈಲ್‌ನ್ಯಾಗ ಟೈಮ್ ಹೆಂಗ ಹಿಡೀಬೇಕು

ಚೊಚ್ಚಲ ಹೆರಿಗಿಗಿ ತವರಿಗಿ ಬಂದೋರು ದಿನ ತುಂಬೂಕಿನ ಮೊದ್ಲ ಪ್ಲೇ ಸ್ಟೋರ್‌ನಾಗ ಒಂದು ಕಾಂಟ್ರಾಕ್ಷನ್ ಟೈಮರ್ (ಬ್ಯಾನಿ ಟೈಮ್ ಹಿಡಿಯೋ ಆ್ಯಪ್) ಹಾಕ್ಕೊಳ್ರಿ, ಫ್ರೀ ಇದ್ದದ್ದೇ ಸಾಕು. ಹೊಟ್ಟಿ ಬಿಗಿಯಾಗ್ಲಿಕ್ಕೆ ಸುರು ಆದ ಕೂಡ್ಲೆ ಸ್ಟಾರ್ಟ್ ಒತ್ತದು, ಸಡಿಲ ಆದ್ಮ್ಯಾಲ ಸ್ಟಾಪ್, ಇಷ್ಟೇ ಕೆಲ್ಸ. ಬಟನ್ ಒತ್ತೋದು ಗಂಡಗೋ ಅಕ್ಕಗೋ ಹಚ್ರಿ, ಬ್ಯಾನಿ ತಿನ್ನೋಕಿಗಿ ಮೊಬೈಲ್ ನೋಡೂ ಪುರಸೊತ್ತು ಎಲ್ಲಿರ್ತದ!

ಭಾಳ ಮಂದಿ ತಪ್ಪೋದು ಇಲ್ಲೇ ನೋಡ್ರಿ, ಎಷ್ಟು ನಿಮಿಷಕ್ಕೊಮ್ಮೆ ಅಂದ್ರ ಒಂದು ಬ್ಯಾನಿ ಸುರು ಆದಾಗಿಂದ ಮುಂದಿನ ಬ್ಯಾನಿ ಸುರು ಆಗೋತನ ಎಣಿಸ್ಬೇಕು, ನಿಂತಾಗಿಂದ ಅಲ್ಲ. 5 ನಿಮಿಷಕ್ಕೊಮ್ಮೆ ಬಂದು, ಒಂದೊಂದು 1 ನಿಮಿಷ ಇದ್ದು, ಹಿಂಗೇ 1 ತಾಸು ನಡದ್ರ ದವಾಖಾನಿಗಿ ಹೊಂಡ್ರಿ ಅಂತ ಸಾಮಾನ್ಯ ಲೆಕ್ಕ. ಆದ್ರ ಚಿಂಚೋಳಿ, ಆಳಂದ ಕಡಿ ಹಳ್ಳಿಯಿಂದ ಕಲಬುರಗಿಗಿ ಬರೋರು, ಎರಡನೇ ಹೆರಿಗಿಯೋರು ಅಷ್ಟೊತ್ತು ಕಾಯಬ್ಯಾಡ್ರಿ, ಜಲ್ದಿ ಹೊಂಡ್ರಿ.

ಅಡ್ಡಾಡಿದ್ರ, ನೀರ್ ಕುಡಿದು ಮಲ್ಕೊಂಡ್ರ ಕಮ್ಮಿ ಆದ್ರ ಅದು ಬಹುತೇಕ ಸುಳ್ಳ ಬ್ಯಾನಿ, ಆ್ಯಪ್‌ನಾಗೂ ಒಮ್ಮೆ 12 ನಿಮಿಷ ಒಮ್ಮೆ 7 ನಿಮಿಷ ಅಂತ ಹ್ಯಾಂಗರೆ ತೋರಿಸ್ತದ.

ನೀರ್ ಒಡದ್ರ, ರಕ್ತ ಹೋದ್ರ, ಕೂಸು ಹೊರಳಾಡೋದು ಕಮ್ಮಿ ಆದ್ರ, ಇಲ್ಲಾ 37 ವಾರದ ಮೊದ್ಲೇ ಬ್ಯಾನಿ ಬಂದ್ರ ಆ್ಯಪ್ ಬಾಜೂಕಿಡ್ರಿ, 108ಕ್ಕ ಫೋನ್ ಹಚ್ರಿ. ಆ್ಯಪ್‌ ಏನ್ ಡಾಕ್ಟರ್ ಅಲ್ಲ.

ಕರೆಂಟ್ ಭರೋಸ ಇಲ್ಲ, ಚಾರ್ಜ್ ಫುಲ್ ಇಟ್ಕೊಳ್ರಿ, ತಾಯಿ ಕಾರ್ಡ್ ಚೀಲದಾಗ ಇರ್ಲಿ.